ಮಾಡ: ಗೋಡೆಯೊಳಗೆ ದೀಪಕ್ಕೊಂದು ಮನೆ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಳೆಯ ಮನೆಗಳಲ್ಲಿ, ಕಟ್ಟುವಾಗಲೇ ಗೋಡೆಯ ಒಳಮೈಯಲ್ಲಿ ಬಿಟ್ಟಿರುವ, ಹಿಂದೆ ಮುಚ್ಚಿ ಮುಂದೆ ತೆರೆದಿರುವ ಸಣ್ಣ ಜಾಗಕ್ಕೆ ‘ಮಾಡ’ ಎನ್ನುತ್ತಾರೆ. ಒಂದು ಗೇಣು ಅಗಲ, ಒಂದೂವರೆ ಗೇಣು ಎತ್ತರ, ಅಂಗೈ ಪೂರ್ತಿ ಒಳಹೋಗುವಷ್ಟು ಆಳ ಇದ್ದರೆ ಅದು ದೀಪದ ಮಾಡ; ತಂಬಿಗೆ, ಚರಿಗೆ, ಎಣ್ಣೆಯ ಗಿಂಡಿ ಹಿಡಿಸುವಷ್ಟು ದೊಡ್ಡದಾಗಿದ್ದರೆ ಬರಿಯ ಮಾಡ. ಈಗ ಒಳಾಂಗಣ ವಿನ್ಯಾಸ ಮಾಡುವವರು ‘ವಾಲ್ ನಿಶ್’ ಎಂದು ನಕ್ಷೆಯಲ್ಲಿ ಗುರುತು ಹಾಕಿ, ಪ್ರತ್ಯೇಕವಾಗಿ ದರ ಹೇಳುವ ಅಲಂಕಾರವೂ ಇದೇ. ಹೊಸ ಹೆಸರು ಬಂದ ಮೇಲೆ ಹಳೆಯ ಹೆಸರು ಮರೆಯಾಗುತ್ತಿದೆ, ಹೆಸರಿನ ಜೊತೆಗೆ ಅದನ್ನು ಬಳಸುತ್ತಿದ್ದ ಕ್ರಮವೂ ಮರೆಯಾಗುತ್ತಿದೆ. ಆ ಕ್ರಮ ಮನೆಯನ್ನು ಚೆಂದ ಮಾಡಿಕೊಳ್ಳಬೇಕೆನ್ನುವ ಎಲ್ಲರಿಗೂ ಇಂದಿಗೂ ಉಪಯೋಗಕ್ಕೆ ಬರುವಂಥದ್ದು ಎಂಬುದು ನನ್ನ ನಂಬಿಕೆ.

ಪದದ ಹಿಂದಿನ ಬಾಳು ದೊಡ್ಡದು. ಹಳಗನ್ನಡದಲ್ಲಿ ಮಾಡ ಎಂದರೆ ಮಹಡಿಯ ಮನೆ, ಉಪ್ಪರಿಗೆ. ‘ಕರುಮಾಡ’ ಎಂಬ ಪದವೂ ಎತ್ತರದ ಸೌಧವನ್ನೇ ಹೇಳುತ್ತದೆ. ತಮಿಳಿನಲ್ಲಿ ‘ಮಾಡಂ’ ಎಂಬುದಕ್ಕೆ ಎರಡು ಅರ್ಥಗಳೂ ಉಳಿದಿವೆ: ಮಹಡಿಯ ಮನೆಯೂ ಮಾಡಂ, ಗೋಡೆಯಲ್ಲಿ ದೀಪ ಇಡುವ ಜಾಗವೂ ‘ವಿಳಕ್ಕು ಮಾಡಂ’. ತುಳುನಾಡಿನಲ್ಲಿ ದೈವದ ಗುಡಿ ಮಾಡವಾಗಿದೆ. ಮಂಜೇಶ್ವರದ ಉದ್ಯಾವರ ಮಾಡ ಆ ಹೆಸರಿನಿಂದಲೇ ಪ್ರಸಿದ್ಧ. ಕರಾವಳಿಯಲ್ಲಿ ಮನೆಯ ಸೂರಿಗೆ ‘ಮಾಡು’ ಎನ್ನುತ್ತಾರೆ. ಹೀಗೆ ಒಂದೆಡೆ ಸೌಧ, ಒಂದೆಡೆ ಗುಡಿ, ಒಂದೆಡೆ ಸೂರು ಆಗಿರುವ ಮಾತು ನಮ್ಮ ಸೀಮೆಯಲ್ಲಿ ಗೋಡೆಯೊಳಗಿನ ಒಂದು ಗೇಣು ಜಾಗವಾಗಿ ನಿಂತಿದೆ. ದೀಪಕ್ಕೆ ಕಟ್ಟಿಕೊಟ್ಟ ಮನೆ ಎಂಬ ಭಾವದಿಂದಲೇ ಈ ಅರ್ಥ ಬಂದಿರಬೇಕೆಂದು ನನಗೆ ತೋರುತ್ತದೆ, ಏಕೆಂದರೆ ಮಾಡಕ್ಕೂ ಮನೆಯಂತೆಯೇ ನೆಲವಿದೆ, ಗೋಡೆಯಿದೆ, ಮೇಲೆ ಕಮಾನಿನ ಸೂರಿದೆ. ತೆಲುಗು ಮಾತು ಬೆರೆತಿರುವ ರಾಯಚೂರಿನ ಪೂರ್ವದ ಅಂಚಿನಲ್ಲಿ ಇದನ್ನು ಗೂಡು ಎನ್ನುವುದೇ ಹೆಚ್ಚು. ಉರ್ದು ಮಾತಾಡುವ ಮನೆಗಳಲ್ಲಿ ಇದು ತಾಖ್, ಮರಾಠಿಯಲ್ಲಿ ಕೋನಾಡಾ. ಹೊರಗಿನವರು ಕೆಲವೊಮ್ಮೆ ಇದನ್ನು ಮಳೆಯ ಮೋಡದೊಂದಿಗೆ ಬೆರೆಸಿಕೊಳ್ಳುವುದುಂಟು, ಆದರೆ ನಮ್ಮ ಆಡುಮಾತಿನಲ್ಲಿ ಅದು ‘ಮ್ವಾಡ’, ಎರಡೂ ಬೇರೆ.

ದೇವಾಲಯದ ಗೋಡೆಯಲ್ಲಿ ವಿಗ್ರಹಕ್ಕೆಂದು ಬಿಡುವ ಗೂಡಿಗೆ ಶಿಲ್ಪಶಾಸ್ತ್ರದವರು ದೇವಕೋಷ್ಠ ಎನ್ನುತ್ತಾರೆ. ಅದನ್ನು ಚೆನ್ನಾಗಿ ನೋಡಬೇಕೆಂದರೆ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಬೇಕು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಮಹಾದೇವ ದೇವಾಲಯದ ಹೊರಗೋಡೆಯಲ್ಲಿ, ಚಿಕ್ಕ ಚಿಕ್ಕ ಶಿಖರಗಳನ್ನು ಹೊತ್ತ ಗೂಡುಗಳು ಸಾಲಾಗಿ ಕಾಣುತ್ತವೆ. ಗೂಡು ಬರಿದಾಗಿದ್ದರೂ ಗೋಡೆ ಬೋಳಾಗಿ ಕಾಣುವುದಿಲ್ಲ. ಬಿಸಿಲು ಏರಿದಂತೆ ಅದರೊಳಗಿನ ನೆರಳು ಇಳಿಯುತ್ತದೆ, ಬಿಸಿಲು ಇಳಿದಂತೆ ನೆರಳು ಏರುತ್ತದೆ, ಕಲ್ಲಿನ ಗೋಡೆ ದಿನವಿಡೀ ಬದಲಾಗುತ್ತಿರುತ್ತದೆ. ಮನೆಯ ಮಾಡಕ್ಕೂ ಇದೇ ಗುಣವಿದೆ, ಅದಕ್ಕೆ ಬೇಕಾದ ಸಲಕರಣೆ ಮಾತ್ರ ತೀರ ಕಡಿಮೆ.

ನಮ್ಮ ಸೀಮೆಯಲ್ಲಿ ಮಾಡ ಇಷ್ಟು ಸಹಜವಾಗಿ ಬೆಳೆದದ್ದಕ್ಕೆ ಕಾರಣ ಬಿಸಿಲು ಮತ್ತು ಮಣ್ಣು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಿವು. ಹಳೆಯ ಮಾಳಿಗೆ ಮನೆಗಳ ಮೇಲೆ ತೊಲೆ, ಜಂತಿ, ಅದರ ಮೇಲೆ ಕರಲು ಮಣ್ಣಿನ ಹೊದಿಕೆ. ಅಷ್ಟು ಭಾರ ಹೊರಲು ಮತ್ತು ಬಿಸಿಲನ್ನು ಹೊರಗೇ ತಡೆಯಲು ಗೋಡೆ ಎರಡು ಅಡಿಯಷ್ಟಾದರೂ ದಪ್ಪ ಇರಬೇಕಾಗಿತ್ತು. ಹೊರಮುಖಕ್ಕೊಂದು ಸಾಲು ಕಲ್ಲು, ಒಳಮುಖಕ್ಕೊಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು ತುಂಬಿದ ಗೋಡೆಯಲ್ಲಿ, ಒಳಮುಖದ ಒಂದೆರಡು ಕಲ್ಲನ್ನು ಇಡದೆ ಬಿಟ್ಟು, ಮೇಲೊಂದು ಹಾಸುಗಲ್ಲು ಅಡ್ಡ ಇಟ್ಟರೆ ಮಾಡ ತಾನಾಗಿ ಆಗುತ್ತಿತ್ತು. ಇಟ್ಟಿಗೆಯ ಮನೆಯಾದರೆ ಎರಡು ಇಟ್ಟಿಗೆಗಳನ್ನು ತಲೆಗೆ ತಲೆ ಕೊಟ್ಟು ಓರೆಯಾಗಿ ನಿಲ್ಲಿಸಿ ಮುಕ್ಕೋನ ಮಾಡವನ್ನು ತೆಗೆಯುತ್ತಿದ್ದರು. ಸೆಕೆಗೆ ಹೆದರಿ ಕಿಟಕಿಗಳನ್ನು ಸಣ್ಣದಾಗಿ ಇಡುತ್ತಿದ್ದುದರಿಂದ ಹಗಲಿನಲ್ಲಿಯೂ ನಡುಮನೆಗೆ ಬೆಳಕು ಮಾಳಿಗೆಯ ಬೆಳಕಿಂಡಿಯಿಂದಲೇ ಬರಬೇಕಿತ್ತು, ಸಂಜೆಯಾದರೆ ದೀಪ ಬೇಕೇ ಬೇಕು. ನೆಲದ ಮೇಲಿಟ್ಟರೆ ಮಕ್ಕಳ ಕೈಗೆ, ಬೆಕ್ಕಿನ ಕಾಲಿಗೆ ಸಿಗುವ ದೀಪ, ಮಾಡದಲ್ಲಿ ಗಾಳಿಗೂ ಸಿಗದೆ ನಿಲ್ಲುತ್ತದೆ. ಒಳಗೆ ಬಳಿದ ಸುಣ್ಣ ಅದರ ಬೆಳಕನ್ನು ಮೂರು ಕಡೆಯಿಂದ ಹಿಡಿದು ಮುಂದಕ್ಕೆ ತಳ್ಳುವುದರಿಂದ ಒಂದು ಬತ್ತಿಯ ಬೆಳಕು ಇಡೀ ಪಡಸಾಲೆಗೆ ಸಾಕಾಗುತ್ತದೆ.

ನಾನು ಚೆನ್ನಾಗಿ ಬಲ್ಲ ಮಾಡ ಯಲಬುರ್ಗಾ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿಯ ಮನೆಯದು. ಪಡಸಾಲೆಯಿಂದ ನಡುಮನೆಗೆ ಹೋಗುವ ಬಾಗಿಲಿನ ಬಲಕ್ಕೆ, ನೆಲದ ಮೇಲೆ ಕುಳಿತವರ ತಲೆಗಿಂತ ತುಸು ಮೇಲೆ ಅದಿತ್ತು. ತಳದ ಕಲ್ಲು ಎಣ್ಣೆ ಕುಡಿದು ಕುಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ನುಣ್ಣಗೆ ಜಾರುತ್ತಿತ್ತು. ಹಣತೆ ಕೂರುವ ಕಡೆ ಕಲ್ಲು ಸ್ವಲ್ಪ ತಗ್ಗಾಗಿಯೇ ಹೋಗಿತ್ತು. ಕಮಾನಿನ ನೆತ್ತಿಯಿಂದ ಮೇಲಕ್ಕೆ ಒಂದು ಮೊಳದಷ್ಟು ಕಾಡಿಗೆಯ ಗೆರೆ. ದಸರೆಗೆ ಸುಣ್ಣ ಬಳಿಯುವಾಗ ಅಜ್ಜಿ ಮನೆಯನ್ನೆಲ್ಲ ಬಳಿದು, ಮಾಡದ ಅಂಚಿಗೆ ಮಾತ್ರ ಹುರಮಂಜು ಎಂಬ ಕೆಮ್ಮಣ್ಣನ್ನು ಕಲಸಿ ಎರಡು ಬೆರಳಿನ ಪಟ್ಟಿ ಎಳೆಯುತ್ತಿದ್ದಳು. ಅದಕ್ಕೆ ಕುಂಚ ಬೇಕಿರಲಿಲ್ಲ, ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡು ಒಂದೇ ಉಸಿರಿಗೆ ಕೆಳಗಿನಿಂದ ಕಮಾನಿನವರೆಗೆ ಎಳೆದು, ಮತ್ತೆ ಆ ಕಡೆಯಿಂದ ಎಳೆದು ಕೂಡಿಸುತ್ತಿದ್ದಳು. ಸಂಜೆ ದನ ಮನೆಗೆ ಬರುವ ಹೊತ್ತಿಗೆ “ಮಾಡದಾಗ ದೀಪ ಹಚ್ಚಿಡವಾ, ಲಕ್ಷ್ಮಿ ಬರೋ ಹೊತ್ತಾತು” ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಬಿಳಿಯ ಗೋಡೆ, ಕೆಂಪು ಪಟ್ಟಿ, ಒಳಗೆ ಹಳದಿ ಬೆಳಕು: ಆ ಪಡಸಾಲೆಯಲ್ಲಿ ಬೇರೆ ಅಲಂಕಾರ ಎಂಬುದೇನೂ ಇರಲಿಲ್ಲ, ಬೇಕು ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ದೀಪದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಮಾಡಕ್ಕೆ ಇತ್ತು. ವರ್ಷದ ಹಬ್ಬಗಳಿಗೆ ತಕ್ಕಂತೆ ಅದರಲ್ಲಿ ಕೂರುವ ವಸ್ತು ಬದಲಾಗುತ್ತಿತ್ತು. ಮುಂಗಾರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಕರಿಮಣ್ಣಿನಿಂದ ಮಾಡಿದ ಜೋಡಿ ಎತ್ತುಗಳು ಗೋದಲಿಯ, ಅಂದರೆ ಮೇವಿನ ತೊಟ್ಟಿಯ, ಸಮೇತ ಬಂದು ಕೂರುತ್ತಿದ್ದವು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ. ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ, ಸಕ್ಕರೆಯ ಆನೆ, ಕುದುರೆ, ತೇರು. ದೀಪಾವಳಿಗೆ ಹಣತೆಗಳ ಸಾಲು. ಯಾವುದೂ ಶಾಶ್ವತವಾಗಿ ಅಲ್ಲಿ ಉಳಿಯುತ್ತಿರಲಿಲ್ಲ. ಮಣ್ಣೆತ್ತು ಹೋದ ಮೇಲೆ ಮಾಡ ಮತ್ತೆ ಬರಿದಾಗಿ, ದೀಪವೊಂದಕ್ಕೇ ಉಳಿದು, ಮುಂದಿನ ಹಬ್ಬಕ್ಕೆ ಕಾಯುತ್ತಿತ್ತು. ಋತುವಿಗೊಂದು ಬಗೆಯಾಗಿ ಮನೆಯ ನೋಟವನ್ನು ಬದಲಿಸಬೇಕೆಂದು ಇಂದಿನ ವಿನ್ಯಾಸಕಾರರು ಹೇಳುವುದನ್ನು ನಮ್ಮ ಹೆಣ್ಣುಮಕ್ಕಳು ಒಂದು ಹಿಡಿ ಮಣ್ಣಿನಲ್ಲಿ, ಒಂದು ಪಾವು ಸಕ್ಕರೆಯಲ್ಲಿ ಮಾಡುತ್ತಿದ್ದರು.

ಮಾಡಕ್ಕೂ ಷೋಕೇಸಿಗೂ ಇರುವ ಭೇದ ಇಲ್ಲಿಯೇ ಇದೆ. ಷೋಕೇಸು ಗೋಡೆಗೆ ತಂದು ಸೇರಿಸಿದ ಸಾಮಾನು; ಗಾಜು ಮುಚ್ಚಿ, ಬಹುಮಾನದ ಕಪ್ಪುಗಳನ್ನು, ತೀರ್ಥಯಾತ್ರೆಯಿಂದ ತಂದ ಗೊಂಬೆಗಳನ್ನು ಒಂದರ ಪಕ್ಕ ಒಂದು ತುಂಬಿಸಿಟ್ಟರೆ ಮುಂದೆ ಅದನ್ನು ಯಾರೂ ಮುಟ್ಟುವುದಿಲ್ಲ, ಕೆಲವು ತಿಂಗಳ ಮೇಲೆ ನೋಡುವುದೂ ಇಲ್ಲ. ಮಾಡ ಗೋಡೆಯದೇ ಭಾಗ. ಅದು ಮನೆಯೊಳಗಿನ ಜಾಗವನ್ನು ಒಂದು ಅಂಗುಲವೂ ತಿನ್ನುವುದಿಲ್ಲ, ಒಂದಕ್ಕಿಂತ ಹೆಚ್ಚು ವಸ್ತುವನ್ನು ಸಹಿಸುವುದಿಲ್ಲ, ದಿನಕ್ಕೊಮ್ಮೆಯಾದರೂ ಕೈ ಅದರೊಳಗೆ ಹೋಗಬೇಕು.

ಹೊಸ ಮನೆಯಲ್ಲಿ ಮಾಡ ಬೇಕೆನ್ನುವವರು ಮೊದಲು ಗೋಡೆಯ ದಪ್ಪವನ್ನು ಕೇಳಿಕೊಳ್ಳಬೇಕು. ಈ ಮಾತನ್ನು ಪೆಟ್ಟು ತಿಂದೇ ಹೇಳುತ್ತಿದ್ದೇನೆ. ಕೊಪ್ಪಳದಲ್ಲಿ ನಾವು ಮನೆ ಕಟ್ಟಿಸಿದಾಗ, ಗಿಲಾಯಿ (ಗೋಡೆಯ ಗಾರೆ, ಪ್ಲಾಸ್ಟರು) ಮುಗಿದ ಮೇಲೆ ನನಗೆ ಮಾಡದ ನೆನಪಾಗಿ, ಗೌಂಡಿಗೆ ಹೇಳಿ ಹಾಲಿನ ಗೋಡೆ ಒಡೆಸಿದೆವು. ಅದು ನಾಲ್ಕೂವರೆ ಇಂಚಿನ ಅಡ್ಡಗೋಡೆ. ಎರಡನೆಯ ಏಟಿಗೇ ಆಚೆ ಕೋಣೆಯ ಗಿಲಾಯಿ ಬಿದ್ದು, ಉಳಿದ ಗೋಡೆಗೂ ಬಿರುಕು ಬಂತು. ಆ ಗೋಡೆಯನ್ನು ಪೂರ್ತಿ ಇಳಿಸಿ ಮತ್ತೆ ಕಟ್ಟಬೇಕಾಯಿತು. ಮಾಡವನ್ನು ಕಟ್ಟುವಾಗಲೇ ಬಿಡಬೇಕು, ಆಮೇಲೆ ಕೊರೆಯುವುದು ತರವಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಾದರೆ ಹಿಂದೆ ಅರ್ಧ ಇಟ್ಟಿಗೆ ಉಳಿಸಿಕೊಂಡು ಮುಂದೆ ನಾಲ್ಕೂವರೆ ಇಂಚು ಆಳ ಸಿಗುತ್ತದೆ. ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ ಇಟ್ಟುಕೊಂಡರೆ ನೋಟಕ್ಕೂ ಹಿತ, ಗೋಡೆಗೂ ಕೇಡಿಲ್ಲ. ಮೇಲೊಂದು ಕಡಪ ಕಲ್ಲು ಅಥವಾ ಗ್ರಾನೈಟಿನ ಪಟ್ಟಿಯನ್ನು ಎರಡೂ ಕಡೆ ನಾಲ್ಕು ಇಂಚು ಗೋಡೆಯೊಳಗೆ ಹೋಗುವಂತೆ ಕೂರಿಸಬೇಕು. ಕಾಂಕ್ರೀಟಿನ ಕಂಬ, ತೊಲೆಗಳ ಕಡೆ ಕೈ ಹಾಕಲೇಬಾರದು. ಪಶ್ಚಿಮದ ಹೊರಗೋಡೆಯನ್ನೂ ನಾನು ಬೇಡವೆನ್ನುತ್ತೇನೆ, ಏಕೆಂದರೆ ಗೋಡೆ ತೆಳುವಾದ ಕಡೆಯಿಂದಲೇ ಸಂಜೆಯ ಬಿಸಿಲಿನ ಕಾವು ಒಳಗೆ ಬರುತ್ತದೆ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಮನೆಯವರು ಗೋಡೆಯನ್ನು ಕೊರೆಯುವ ಬದಲು, ಬಾಗಿಲಿನ ಪಕ್ಕದಲ್ಲಿ ನೆಲದಿಂದ ಸೂರಿನವರೆಗೆ ಐದು ಇಂಚು ಮುಂದಕ್ಕೆ ಒಂದು ಕಟ್ಟೆಯಂತೆ ಕಟ್ಟಿಸಿ ಅದರಲ್ಲಿ ಮಾಡ ಬಿಡಿಸಬಹುದು. ಬಾಡಿಗೆ ಮನೆಯಲ್ಲಿ ಇದಾವುದೂ ಆಗದು. ಹಿಂದೆ ಹಲಗೆ ಇರುವ, ಮುಂದೆ ತೆರೆದ ಒಂದೇ ಒಂದು ಮರದ ಗೂಡನ್ನು ಗೋಡೆಗೆ ತೂಗುಹಾಕಿದರೆ ನೋಟದ ಮಟ್ಟಿಗೆ ಮಾಡದ ಹತ್ತಿರ ಬರುತ್ತದೆ.

ಎತ್ತರ ಎಷ್ಟಿರಬೇಕೆಂಬುದು ಮನೆಯವರು ಎಲ್ಲಿ ಕೂರುತ್ತಾರೆ ಎಂಬುದನ್ನು ಅವಲಂಬಿಸಿದೆ. ಹಳೆಯ ಮಾಡಗಳು ಕೆಳಗಿರುವುದು ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದ ಕಾರಣಕ್ಕೆ. ಕುರ್ಚಿ, ಸೋಫಾ ಇರುವ ಹಾಲಿನಲ್ಲಿ ಅದರ ತಳ ನೆಲದಿಂದ ನಾಲ್ಕು ಅಡಿಯ ಹತ್ತಿರ ಇದ್ದರೆ ಕಣ್ಣಿಗೆ ನೇರ ಸಿಗುತ್ತದೆ. ಒಳಮೈಯ ಬಣ್ಣವನ್ನು ಬಿಳಿ ಅಥವಾ ಕೆನೆಬಣ್ಣದಲ್ಲಿಯೇ ಉಳಿಸಿ ಅಂಚಿಗೆ ಮಾತ್ರ ಕೆಮ್ಮಣ್ಣಿನ ಕೆಂಪನ್ನು ಕೊಡುವುದು ಇಂದಿಗೂ ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಹೊಳಪಿನ ಟೈಲ್ಸ್ ಅಂಟಿಸಿದರೆ ಬೆಳಕು ಹರಡದೆ ಒಂದೇ ಕಡೆ ಕಣ್ಣಿಗೆ ಹೊಡೆಯುತ್ತದೆ. ವಿದ್ಯುತ್ ದೀಪವನ್ನೇ ಇಡುವವರು 2700ರಿಂದ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯ ಎಲ್‌ಇಡಿಯನ್ನು, ಬಲ್ಬು ಕಾಣದಂತೆ ಕಮಾನಿನ ಒಳ ಅಂಚಿಗೆ ಸೇರಿಸಿ ಹಾಕಿಸಬೇಕು, ಅದರ ಪೈಪನ್ನು ಗಿಲಾಯಿಗೆ ಮೊದಲೇ ಗೋಡೆಯೊಳಗೆ ಇಡಿಸಬೇಕು. ನಿಜವಾದ ಹಣತೆ ಹಚ್ಚುವವರು ಮೇಲಿನ ಕಲ್ಲಿಗೆ ಬಣ್ಣ ಬಳಿಯದೆ ಬಿಟ್ಟರೆ ಒಳ್ಳೆಯದು, ಕಾಡಿಗೆಯನ್ನು ಒರೆಸಿದರೆ ಹೋಗುತ್ತದೆ.

ಒಳಗೆ ಏನಿಡಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟಿನ ಲೇಪ ಕೊಟ್ಟು, ಗಾಢ ಬಣ್ಣ ಬಳಿದು ಮಾಡುವ ಗೊಂಬೆಗಳು ಮಾಡಕ್ಕೆಂದೇ ಹುಟ್ಟಿದವು ಎನ್ನುವಷ್ಟು ಹೊಂದುತ್ತವೆ. ಭೌಗೋಳಿಕ ಸೂಚ್ಯಂಕ ಪಡೆದ ಕಲೆ ಅದು. ಅವುಗಳ ಕೆಂಪು ಹಸಿರುಗಳು ಬಯಲಿನಲ್ಲಿಟ್ಟರೆ ತುಸು ಗಡಸಾಗಿ ಕಾಣಬಹುದು, ಆದರೆ ಸುಣ್ಣದ ಬಿಳುಪು ಸುತ್ತ ಇದ್ದಾಗ ಆ ಬಣ್ಣಗಳು ತಣ್ಣಗಾಗಿ ಕೂರುತ್ತವೆ. ಕಿನ್ನಾಳದ ಗರುಡನೊಬ್ಬನೇ ಇರಲಿ, ಅವನ ಪಕ್ಕಕ್ಕೆ ಹೂದಾನಿ ಬೇಡ. ಆನೆಗೊಂದಿಯಲ್ಲಿ ಬಾಳೆನಾರಿನಿಂದ ಹೆಣೆಯುವ ಸಣ್ಣ ಬುಟ್ಟಿಯೂ ಆದೀತು, ಕುಂಬಾರನ ಕರಿಮಡಕೆಯೂ ಆದೀತು. ಸಂಡೂರಿನ ಲಂಬಾಣಿ ಕಸೂತಿಯನ್ನು ಮಾತ್ರ ಮಾಡದೊಳಗೆ ಮಡಚಿ ತುರುಕಬಾರದು. ಕನ್ನಡಿಯ ಚೂರುಗಳಿರುವ ಆ ಬಟ್ಟೆಯನ್ನು ಎದುರಿನ ಬೋಳು ಗೋಡೆಗೆ ಹರಡಿ ಹಾಕಿದರೆ, ಮಾಡದ ದೀಪ ಹಚ್ಚಿದ ಕ್ಷಣ ಆ ಕನ್ನಡಿಗಳೆಲ್ಲ ಒಟ್ಟಿಗೆ ಮಿನುಗುತ್ತವೆ.

ನಮ್ಮ ಹಾಲಿನಲ್ಲಿ ಮತ್ತೆ ಕಟ್ಟಿದ ಗೋಡೆ ಒಂಬತ್ತು ಇಂಚಿನದು, ಅದರಲ್ಲಿ ಈಗ ಮಾಡವಿದೆ. ಅಜ್ಜಿಯ ಮನೆ ಬಿದ್ದಾಗ ತಂದಿಟ್ಟುಕೊಂಡಿದ್ದ ಆ ಹಳೆಯ ತಳಗಲ್ಲನ್ನು ಗೌಂಡಿ ಅಂಚು ಕೊಂಚ ಕೊರೆದು ಅದಕ್ಕೆ ಕೂರಿಸಿಕೊಟ್ಟಿದ್ದಾನೆ. ಹಣತೆಯನ್ನು ಎಲ್ಲಿಡಬೇಕೆಂದು ಮಗಳಿಗೆ ಹೇಳಿಕೊಡುವ ಪ್ರಮೇಯ ಬರಲಿಲ್ಲ, ಕಲ್ಲಿನ ತಗ್ಗಿನಲ್ಲಿಯೇ ಅದು ಹೋಗಿ ಕೂತಿತು.