ಅಡಿಕೆ ತೋಟದೋರು ನಾವು, ನಾಲ್ಕು ಲಕ್ಷದಲ್ಲಿ ಇಬ್ಬರು ಯುರೋಪ್ ನೋಡ್ಕೊಂಡು ಬರಬಹುದಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯೋರು, ಸ್ವಲ್ಪ ಅಡಿಕೆ ತೋಟ ಇದೆ, ನನಗೂ ನಮ್ಮನೆಯವರಿಗೂ ಸಂಬಳದ ಕೆಲಸ ಇಲ್ಲ. ಟೂರ್ ಪ್ಯಾಕೇಜ್ ಕೇಳಿದ್ರೆ ಒಬ್ಬರಿಗೇ ಎರಡೂವರೆ ಲಕ್ಷದ ಮೇಲೆ ಹೇಳ್ತಾರೆ. ಇಬ್ಬರೂ ಸೇರಿ ನಾಲ್ಕು ಲಕ್ಷದೊಳಗೆ ನಾವೇ ಹೋಗಿ ಬರೋಕಾಗತ್ತಾ? ಸ್ಯಾಲರಿ ಸ್ಲಿಪ್ ಇಲ್ದಿದ್ರೆ ವೀಸಾ ಕೊಡ್ತಾರಾ? ನಮ್ಮತ್ತೆಯವರಿಗೂ ಆಸೆ ಇದೆ, ಅವರನ್ನ ಕರ್ಕೊಂಡು ಹೋಗ್ಬಹುದಾ?

ಉತ್ತರ: ಆಗತ್ತೆ ಅಕ್ಕ, ಆರಾಮಾಗಿ ಆಗತ್ತೆ. ಈ ಪ್ರಶ್ನೆ ಸಾಗರ, ಹೊಸನಗರ, ಕೊಪ್ಪ ಎಲ್ಲಾ ಕಡೆಯಿಂದ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇರತ್ತೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಒಂದು ಮಾತು. ಯುರೋಪಲ್ಲಿ ದುಡ್ಡು ಹೋಗೋದು ಓಡಾಟಕ್ಕೆ ಮತ್ತೆ ದುಬಾರಿ ಊರುಗಳ ರೂಮಿಗೆ. ಹನ್ನೆರಡು ದಿನದಲ್ಲಿ ಎಂಟು ದೇಶ ಅಂತ ಹೊರಟ್ರೆ ದಿನಾ ಬ್ಯಾಗ್ ಕಟ್ಟೋದು, ಬಸ್ಸಲ್ಲಿ ನಿದ್ದೆ ಮಾಡೋದು, ಫೋಟೋ ತೆಗೆಯೋದು ಇಷ್ಟೇ ಆಗತ್ತೆ, ಖರ್ಚೂ ಜಾಸ್ತಿ. ಅದೇ ಮೂರು ಊರು ಹಿಡ್ಕೊಂಡು ಒಂದೊಂದರಲ್ಲಿ ಮೂರು ನಾಲ್ಕು ರಾತ್ರಿ ಉಳಿದ್ರೆ ಊರೂ ನೋಡಿದಂಗಾಗತ್ತೆ ದುಡ್ಡೂ ಉಳಿಯತ್ತೆ. ನಾನು ನಿಮಗೆ ಹೇಳೋ ಮೂರು ಊರು ಚೆಕ್ ದೇಶದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ, ಹಂಗೇರಿಯ ಬುಡಾಪೆಸ್ಟ್. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಬಿಟ್ಟು ಯುರೋಪಾ ಅಂತ ಮನೇಲಿ ಕೇಳ್ತಾರೆ, ಗೊತ್ತು. ಸ್ವಿಟ್ಜರ್ಲೆಂಡಲ್ಲಿ ಒಂದು ರಾತ್ರಿ ರೂಮಿಗೆ ಕೊಡೋ ದುಡ್ಡಲ್ಲಿ ಬುಡಾಪೆಸ್ಟಲ್ಲಿ ಎರಡು ರಾತ್ರಿ, ಕೆಲವು ಸಲ ಮೂರು ರಾತ್ರಿನೂ ಕಳೀಬಹುದು. ಹಸಿರು ಗುಡ್ಡ, ಮಂಜು, ಮಳೆ ನಮಗೆ ಕುಂದಾದ್ರಿ, ಆಗುಂಬೆಯಲ್ಲೇ ಬೇಕಾದಷ್ಟಿದೆ, ನಮ್ಮಲ್ಲಿ ಇಲ್ಲದ್ದು ನಾನೂರು ಐನೂರು ವರ್ಷದ ಬೀದಿ, ಕಟ್ಟಡ ಹಂಗಂಗೇ ಉಳ್ಕೊಂಡು ಜನ ಇವತ್ತಿಗೂ ಅದರಲ್ಲೇ ವಾಸ ಮಾಡ್ಕೊಂಡಿರೋ ಊರುಗಳು, ಅದನ್ನ ನೋಡೋಕೆ ಹೋಗಿ ಅಂತ ನನ್ನ ಅಭಿಪ್ರಾಯ. ಲಂಡನ್ ಸೇರಿಸ್ಬೇಡಿ, ಅದು ಶೆಂಗೆನ್ ಒಳಗಿಲ್ಲ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿಗೆ ಶೆಂಗೆನ್ ಅಂತಾರೆ), ಅದಕ್ಕೆ ಬೇರೆ ವೀಸಾ ಬೇರೆ ಫೀಸು.

ಯಾವಾಗ ಹೋಗೋದು ಅನ್ನೋದ್ರಲ್ಲಿ ಅಡಿಕೆ ಬೆಳೆಗಾರರಿಗೆ ಒಂದು ಅನುಕೂಲ ಇದೆ. ಜೂನ್‌ನಿಂದ ಆಗಸ್ಟ್ ತನಕ ಅಲ್ಲಿ ಸ್ಕೂಲ್ ರಜೆ, ರೂಮು ಫ್ಲೈಟು ಎಲ್ಲಾ ದುಬಾರಿ, ಆ ಟೈಮಲ್ಲಿ ಹೆಂಗೂ ನೀವು ತೋಟಕ್ಕೆ ಔಷಧಿ ಹೊಡೆಸೋದರಲ್ಲಿ ಇರ್ತೀರ. ಎರಡನೇ ಸಲದ ಕೊಳೆ ರೋಗದ ಔಷಧಿ ಮುಗಿದು, ಚೌತಿನೂ ಮುಗಿದು, ಅಡಿಕೆ ಗೊನೆ ಕೊಯ್ಲು ಶುರು ಆಗೋ ಮುಂಚೆ ಒಂದು ಬಿಡುವು ಸಿಗತ್ತಲ್ಲ, ಸೆಪ್ಟೆಂಬರ್ ಕೊನೆ ಹೊತ್ತಿಗೆ, ಅದೇ ಹೊತ್ತಿಗೆ ಅಲ್ಲಿ ರಶ್ ಇಳಿದಿರತ್ತೆ, ಚಳಿ ಇನ್ನೂ ಜೋರಾಗಿರಲ್ಲ, ಒಂದು ಸ್ವೆಟರ್ ಒಂದು ಜರ್ಕಿನ್ ಸಾಕು. ಮಳೆಗಾಲ ಮುಂದುವರಿದು ಮೂರನೇ ಔಷಧಿ ಬೇಕಾದ್ರೆ ಯಾರು ನಿಂತು ಹೊಡೆಸ್ತಾರೆ ಅಂತ ಮೊದಲೇ ಮಾತಾಡಿಟ್ಕೊಳ್ಳಿ. ಜರ್ಮನಿಯ ಮ್ಯೂನಿಕ್ ಕಡೆ ಮಾತ್ರ ಆಗ ಹೋಗ್ಬೇಡಿ, ಅಲ್ಲಿನ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್ ಸೆಪ್ಟೆಂಬರಲ್ಲೇ ಶುರು ಆಗೋದು, ಹೋಟೆಲ್ ರೇಟ್ ಮುಟ್ಟೋ ಹಂಗಿರಲ್ಲ.

ಈಗ ಲೆಕ್ಕ. ಯೂರೋ ರೇಟ್ ದಿನಾ ಬದಲಾಗತ್ತೆ, ಕಾರ್ಡ್ ಚಾರ್ಜೂ ಸೇರಿಸಿ ಒಂದು ಯೂರೋಗೆ 110 ರೂಪಾಯಿ ಅಂತ ಇಟ್ಕೊಳ್ಳಿ, ಬುಕ್ ಮಾಡೋ ದಿನ ರೇಟ್ ನೋಡಿ ತಿದ್ಕೊಳ್ಳಿ. ಬೆಂಗಳೂರಿಂದ ದುಬೈ ಅಥವಾ ದೋಹಾ ಮೇಲೆ ಪ್ರಾಗ್‌ಗೆ ಹೋಗಿ ಬುಡಾಪೆಸ್ಟಿಂದ ವಾಪಸ್, ಇದನ್ನ ಟಿಕೆಟ್ ಸೈಟಲ್ಲಿ ಮಲ್ಟಿ ಸಿಟಿ ಅಂತ ಹಾಕಿ ಹುಡುಕ್ಬೇಕು, ಎರಡು ಒನ್ ವೇ ತಗೊಂಡ್ರೆ ಸುಮ್ನೆ ಜಾಸ್ತಿ ಬೀಳತ್ತೆ. ತಲೆಗೆ 65 ಸಾವಿರ ಅಂತ ಹಿಡಿದ್ರೆ ಇಬ್ಬರಿಗೆ 1 ಲಕ್ಷ 30 ಸಾವಿರ. ವೀಸಾ ಫೀಸು 2024ರ ಜೂನ್‌ನಿಂದ ದೊಡ್ಡೋರಿಗೆ 90 ಯೂರೋ ಆಗಿದೆ, ಅದರ ಮೇಲೆ ವೀಸಾ ಸೆಂಟರಿನವರ ಸರ್ವಿಸ್ ಚಾರ್ಜ್, ಇಬ್ಬರಿಗೆ 25 ಸಾವಿರ ತೆಗೆದಿಡಿ. ಇನ್ಶೂರೆನ್ಸ್ ಇಬ್ಬರಿಗೆ 5 ಸಾವಿರ. ಹನ್ನೊಂದು ರಾತ್ರಿ ರೂಮು, ಪ್ರಾಗಲ್ಲಿ 65, ವಿಯೆನ್ನಾದಲ್ಲಿ 85, ಬುಡಾಪೆಸ್ಟಲ್ಲಿ 55 ಯೂರೋ ಆಸುಪಾಸು ಅಂದ್ಕೊಂಡ್ರೆ ಒಟ್ಟು 735 ಯೂರೋ, ಅಂದ್ರೆ 81 ಸಾವಿರ. ಊಟಕ್ಕೆ ಒಬ್ಬರಿಗೆ ದಿನಕ್ಕೆ 20 ಯೂರೋ, ಹನ್ನೆರಡು ದಿನಕ್ಕೆ ಇಬ್ಬರದ್ದು 53 ಸಾವಿರ. ಊರಿಂದೂರಿಗೆ ಟ್ರೈನು, ಊರೊಳಗಿನ ಟ್ರಾಮ್ ಮೆಟ್ರೋ ಪಾಸು ಸೇರಿ 22 ಸಾವಿರ, ಅರಮನೆ ಮ್ಯೂಸಿಯಂ ಟಿಕೆಟ್ಟಿಗೆ 18 ಸಾವಿರ. ಕೂಡಿದ್ರೆ 3 ಲಕ್ಷ 34 ಸಾವಿರ. ಉಳಿದ 66 ಸಾವಿರದಲ್ಲಿ ಬೆಂಗಳೂರಿಗೆ ಓಡಾಟ, ಸಿಮ್ಮು, ಚಳಿ ಬಟ್ಟೆ, ಆಪತ್ತಿಗೆ ಅಂತ ಒಂದಿಷ್ಟು. ಇದು ಕೈ ಬಿಗಿ ಹಿಡಿದು ಮಾಡಿದ ಲೆಕ್ಕ ಅಲ್ಲ, ಬಾತ್‌ರೂಮ್ ಇರೋ ಡಬಲ್ ರೂಮ್ ಲೆಕ್ಕ, ಹುಡುಗರು ಹಾಸ್ಟೆಲ್ಲಲ್ಲಿ ಮಲಗಿ ಇನ್ನೂ ಕಡಿಮೇಲಿ ಮುಗಿಸ್ತಾರೆ. ರೂಮು ಸಿಟಿ ಮಧ್ಯದಲ್ಲೇ ಬೇಕು ಅಂತಿಲ್ಲ, ಟ್ರಾಮ್ ಅಥವಾ ಮೆಟ್ರೋ ಸ್ಟಾಪ್ ನಡೆಯೋ ದೂರದಲ್ಲಿ ಇದ್ಯಾ ನೋಡ್ಕೊಳ್ಳಿ ಸಾಕು. ಸಿಟಿ ಟ್ಯಾಕ್ಸ್ ಅಂತ ಕೆಲವು ಕಡೆ ಹೋಟೆಲಲ್ಲಿ ಬೇರೆಯಾಗಿ ತಗೋತಾರೆ, ಗಾಬರಿ ಬೇಡ.

ವೀಸಾ ವಿಷಯ ವಿವರವಾಗೇ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ತುಂಬಾ ಜನ ಇಲ್ಲೇ ಹೆದರಿ ಬಿಟ್ಬಿಡ್ತಾರೆ. ಸಂಬಳದ ಕೆಲಸ ಇರ್ಲೇಬೇಕು ಅಂತ ಯಾವ ರೂಲೂ ಇಲ್ಲ. ಅವರಿಗೆ ಬೇಕಾಗಿರೋದು ಎರಡು, ಹೋಗಿ ಬರೋ ದುಡ್ಡು ನಿಮ್ಮತ್ರ ಇದೆ, ಮತ್ತೆ ನೀವು ವಾಪಸ್ ಬಂದೇ ಬರ್ತೀರ. ತೋಟ ಇರೋರು ವಾಪಸ್ ಬರಲೇಬೇಕಲ್ವಾ, ಅದನ್ನ ಕಾಗದದಲ್ಲಿ ತೋರಿಸ್ಬೇಕು ಅಷ್ಟೇ. ಪಹಣಿ ತೆಗೆಸಿ. ಮ್ಯಾಮ್ಕೋಸಿಗೋ (ಅಡಿಕೆ ಮಾರಾಟದ ಸಹಕಾರ ಸಂಘ) ಮಂಡಿಗೋ ಅಡಿಕೆ ಹಾಕಿದ್ದರ ಬಿಲ್ಲುಗಳನ್ನ ಎರಡು ಮೂರು ವರ್ಷದ್ದು ಒಟ್ಟುಮಾಡಿ, ಆ ದುಡ್ಡು ಬ್ಯಾಂಕಿಗೆ ಬಂದಿರೋದು ಸ್ಟೇಟ್‌ಮೆಂಟಲ್ಲಿ ಕಾಣೋ ಹಂಗಿದ್ರೆ ತುಂಬಾ ಒಳ್ಳೇದು. ಸ್ಟೇಟ್‌ಮೆಂಟ್ ಆರು ತಿಂಗಳದ್ದು, ಬ್ಯಾಂಕಿನ ಸೀಲ್ ಹಾಕ್ಸಿ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಎಷ್ಟೋ ಜನ ರಿಟರ್ನ್ ಹಾಕೋದೇ ಇಲ್ಲ, ಆದ್ರೆ ಕೃಷಿ ಆದಾಯ ಅಂತ ತೋರಿಸಿ ರಿಟರ್ನ್ ಹಾಕಿಟ್ಟಿದ್ರೆ ವೀಸಾ ಹೊತ್ತಲ್ಲಿ ದೊಡ್ಡ ಬಲ, ಹೋಗೋ ಮನಸ್ಸಿದ್ರೆ ಈ ವರ್ಷದಿಂದಲೇ ಶುರು ಮಾಡಿ. ಪಹಣಿ ಕನ್ನಡದಲ್ಲಿರತ್ತಲ್ಲ, ಇಂಗ್ಲಿಷಿಗೆ ಮಾಡ್ಸಿ ನೋಟರಿ ಹಾಕ್ಸಿ ಎರಡೂ ಕೊಡಿ. ಮ್ಯಾರೇಜ್ ಸರ್ಟಿಫಿಕೇಟ್ ಇಡಿ. ಆಮೇಲೆ ಒಂದು ಪತ್ರ, ನಾವು ಯಾರು, ಎಷ್ಟು ಎಕರೆ, ವರ್ಷಕ್ಕೆ ಎಷ್ಟು ಬರತ್ತೆ, ಯಾವ ತಾರೀಕು ಎಲ್ಲಿರ್ತೀವಿ, ಕೊಯ್ಲಿಗೆ ಯಾವಾಗ ವಾಪಸ್ ಬರ್ಬೇಕು, ಸರಳವಾಗಿ ಒಂದು ಪುಟ. ಅರ್ಜಿ ಹಾಕೋ ಹಿಂದಿನ ವಾರ ಯಾರತ್ರನೋ ಮೂರು ಲಕ್ಷ ತಂದು ಅಕೌಂಟಿಗೆ ಹಾಕೋದು ಮಾತ್ರ ಮಾಡ್ಲೇಬೇಡಿ, ಎಲ್ಲಿಂದ ಬಂತು ಅಂತ ಅನುಮಾನ ಬರೋದೇ ಅಂಥದ್ದಕ್ಕೆ.

ಯಾವ ದೇಶಕ್ಕೆ ಅರ್ಜಿ ಹಾಕೋದು ಅಂತಾನೂ ಗೊಂದಲ ಇರತ್ತೆ. ಜಾಸ್ತಿ ದಿನ ಎಲ್ಲಿರ್ತೀರೋ ಆ ದೇಶಕ್ಕೆ, ಸಮ ಆದ್ರೆ ಮೊದಲು ಕಾಲಿಡೋ ದೇಶಕ್ಕೆ. ಪ್ರಾಗ್ 4 ರಾತ್ರಿ, ವಿಯೆನ್ನಾ 3, ಬುಡಾಪೆಸ್ಟ್ 4 ಮಾಡಿದ್ರೆ ಚೆಕ್ಕೂ ಹಂಗೇರಿನೂ ಸಮ ಆಯ್ತು, ಹಂಗಾಗಿ ಮೊದಲು ಇಳಿಯೋ ಚೆಕ್ ದೇಶಕ್ಕೆ ಅರ್ಜಿ. ಒಂದು ವೀಸಾದಲ್ಲಿ ಶೆಂಗೆನ್‌ನ 29 ದೇಶಕ್ಕೂ ಹೋಗ್ಬಹುದು. ಆರು ತಿಂಗಳು ಮುಂಚೆಯಿಂದ ಅರ್ಜಿ ತಗೋತಾರೆ, ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ, ಕೆಲವು ಕೇಸಲ್ಲಿ 45 ದಿನದ ತನಕ ಎಳೀಬಹುದು. ಬೇಸಿಗೇಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಅದಕ್ಕೆ ಸೆಪ್ಟೆಂಬರ್ ಟ್ರಿಪ್ಪಿಗೆ ಏಪ್ರಿಲಲ್ಲೇ ಸ್ಲಾಟ್ ನೋಡೋಕೆ ಶುರು ಮಾಡಿ. ಬೆರಳಚ್ಚು ಕೊಡೋಕೆ ಇಬ್ಬರೂ ಖುದ್ದಾಗಿ ಹೋಗ್ಬೇಕು, ಮಧ್ಯಾಹ್ನದ ಸ್ಲಾಟ್ ಸಿಕ್ರೆ ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದ್ರೆ ಸಾಕು, ಬೆಂಗಳೂರಲ್ಲಿ ಲಾಡ್ಜ್ ಮಾಡೋ ಖರ್ಚೂ ಉಳಿಯತ್ತೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು, ಪಾಸ್‌ಪೋರ್ಟು ನೀವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿ ಇರ್ಬೇಕು, ಎರಡು ಖಾಲಿ ಪುಟ ಬೇಕು. ಹೊಸದಾಗಿ ಮಾಡ್ಸೋದಾದ್ರೆ 36 ಪುಟದ್ದಕ್ಕೆ 1,500 ರೂಪಾಯಿ, ಶಿವಮೊಗ್ಗ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗತ್ತೆ. ವೀಸಾ ಬರೋ ತನಕ ರೂಮುಗಳನ್ನ ಫ್ರೀ ಕ್ಯಾನ್ಸಲೇಶನ್ ಇರೋದನ್ನೇ ಬುಕ್ ಮಾಡಿ, ವಿಮಾನಕ್ಕೂ ರಿಸರ್ವೇಶನ್ ಮಾತ್ರ ತೋರಿಸಿ, ಪೂರ್ತಿ ದುಡ್ಡು ಕಟ್ಬೇಡಿ. ರಿಜೆಕ್ಟ್ ಆದ್ರೆ ಫೀಸು ವಾಪಸ್ ಬರಲ್ಲ, ಅಷ್ಟು ರಿಸ್ಕ್ ತಗೋಳ್ಳೇಬೇಕು.

ಅಲ್ಲಿ ಹೋದ ಮೇಲೆ ದುಡ್ಡು ಉಳಿಸೋದು ಸುಲಭ. ಪ್ರಾಗಿಂದ ವಿಯೆನ್ನಾಕ್ಕೆ ಟ್ರೈನಲ್ಲಿ ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟಿಗೆ ಎರಡೂಮುಕ್ಕಾಲು ಗಂಟೆ, ಮುಂಚೆ ಬುಕ್ ಮಾಡಿದ್ರೆ ತುಂಬಾ ಸಸ್ತಾ, ಇಷ್ಟಕ್ಕೆಲ್ಲ ಹಲವು ದೇಶದ ಟ್ರೈನಿಗೆ ಒಂದೇ ಆದ ಯುರೇಲ್ ಪಾಸ್ ಬೇಡವೇ ಬೇಡ. ಬುಡಾಪೆಸ್ಟಲ್ಲಿ ನದಿ ಮೇಲೆ ಬೋಟಲ್ಲಿ ಕರ್ಕೊಂಡು ಹೋಗ್ತೀವಿ ಅಂತ ಜಾಸ್ತಿ ದುಡ್ಡು ಕೇಳ್ತಾರೆ, 2ನೇ ನಂಬರ್ ಟ್ರಾಮ್ ಡ್ಯಾನ್ಯೂಬ್ ದಂಡೆ ಉದ್ದಕ್ಕೂ ಹೋಗತ್ತೆ, ಸಂಜೆ ದೀಪ ಹತ್ತಿದ ಮೇಲೆ ಮಾಮೂಲಿ ಟಿಕೆಟಲ್ಲಿ ಕೂತ್ಕೊಳ್ಳಿ, ಪಾರ್ಲಿಮೆಂಟ್ ಬಿಲ್ಡಿಂಗೂ ಸಿಗತ್ತೆ. ಅಲ್ಲಿನ 1896ರ ಮೆಟ್ರೋ ಲೈನ್ ಇವತ್ತಿಗೂ ಓಡ್ತಾ ಇದೆ, ಅದರಲ್ಲಿ ಹೋಗೋದೇ ಒಂದು ಖುಷಿ. ಪ್ರಾಗಿನ 1410ರ ಗಡಿಯಾರ, ಚಾರ್ಲ್ಸ್ ಸೇತುವೆ, ಕೋಟೆಯ ಅಂಗಳಗಳು, ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ತೋಟ, ಇವೆಲ್ಲ ಪುಕ್ಕಟೆ. ಸಂಗೀತದ ಆಸಕ್ತಿ ಇದ್ರೆ ವಿಯೆನ್ನಾ ಒಪೆರಾದಲ್ಲಿ ನಿಂತು ನೋಡೋ ಟಿಕೆಟ್ ಕಡಿಮೆ ದುಡ್ಡಿಗೆ ಕೊಡ್ತಾರೆ, ಅದನ್ನ ಬಿಡ್ಬೇಡಿ, ಭಾಷೆ ಗೊತ್ತಾಗ್ದಿದ್ರೂ ಪರವಾಗಿಲ್ಲ. ನೀರಿಗೆ ದುಡ್ಡು ಕೊಡೋದು ಬೇಡ, ಮೂರೂ ಊರಲ್ಲಿ ನಲ್ಲಿ ನೀರು ಕುಡೀಬಹುದು, ವಿಯೆನ್ನಾಕ್ಕಂತೂ ಆಲ್ಪ್ಸ್ ಬೆಟ್ಟದ ಒರತೆ ನೀರು 1873ರಿಂದ ಪೈಪಲ್ಲಿ ಬರ್ತಿದೆ, ನಮ್ಮ ಮನೆ ಹಿಂದಿನ ಅಬ್ಬಿ ನೀರಿನ ಹಂಗೇ ತಣ್ಣಗೆ ಸಿಹಿಯಾಗಿರತ್ತೆ.

ಸಸ್ಯಾಹಾರಿಗಳಾದ್ರೂ ತೊಂದ್ರೆ ಇಲ್ಲ. ಸೂಪರ್ ಮಾರ್ಕೆಟಲ್ಲಿ ಬ್ರೆಡ್ಡು, ಮೊಸರು, ಹಣ್ಣು ತಗೊಂಡು ಬೆಳಗಿನ ತಿಂಡಿ ಮುಗಿಸಿ, ಕಡಲೆ ವಡೆ ಥರದ ಫಲಾಫೆಲ್ ಮಾರೋ ಅಂಗಡಿ ಎಲ್ಲಾ ಕಡೆ ಇರತ್ತೆ, ವಾರದ ದಿನಗಳಲ್ಲಿ ಎಷ್ಟೋ ಹೋಟೆಲಲ್ಲಿ ಮಧ್ಯಾಹ್ನದ ಊಟ ರಾತ್ರಿಗಿಂತ ಅಗ್ಗ. ವಿಯೆನ್ನಾದಲ್ಲಿ ಭಾನುವಾರ ಮಾರ್ಕೆಟ್ ಬಾಗಿಲು ಹಾಕಿರತ್ತೆ, ಶನಿವಾರವೇ ತಂದಿಟ್ಕೊಳ್ಳಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡಾ ಏನೂ ಹಾಕ್ಕೋಬೇಡಿ, ಹೊರಗಿನ ದೇಶದ ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಕವಳ ಹಾಕೋ ಅಭ್ಯಾಸ ಇದ್ರೆ ಕೇಳಿ, ಹಸಿ ಎಲೆಗೂ ಗಿಡದ ಆರೋಗ್ಯ ಪತ್ರ ಬೇಕು, ಹಂಗಾಗಿ ಎಲೆ ಕಟ್ಟು ಮನೇಲೇ ಇರ್ಲಿ.

ದುಡ್ಡಿನ ಬಗ್ಗೆ ಇನ್ನೊಂದು. ಈ ಮೂರರಲ್ಲಿ ಯೂರೋ ಇರೋದು ವಿಯೆನ್ನಾದಲ್ಲಿ ಮಾತ್ರ, ಪ್ರಾಗಲ್ಲಿ ಕೊರೂನಾ, ಬುಡಾಪೆಸ್ಟಲ್ಲಿ ಫೋರಿಂಟ್. ಅದಕ್ಕೆ ನೋಟು ಜಾಸ್ತಿ ಒಯ್ಯೋ ಬದಲು ಫಾರಿನ್ ಚಾರ್ಜ್ ಇಲ್ಲದ ಕಾರ್ಡ್ ಒಂದು ಮಾಡ್ಸಿ. ಕಾರ್ಡ್ ಉಜ್ಜುವಾಗ, ಎಟಿಎಮ್ಮಲ್ಲಿ ತೆಗೆಯುವಾಗ ರೂಪಾಯಲ್ಲಿ ಕೊಡ್ತೀರಾ ಅಲ್ಲಿನ ದುಡ್ಡಲ್ಲಾ ಅಂತ ಕೇಳತ್ತೆ, ಯಾವಾಗಲೂ ಅಲ್ಲಿನ ದುಡ್ಡೇ ಒತ್ತಿ, ರೂಪಾಯಿ ಒತ್ತಿದ್ರೆ ಅವರಿಗೆ ಬೇಕಾದ ರೇಟ್ ಹಾಕ್ಕೋತಾರೆ.

ಇನ್ನು ಅತ್ತೆಯವರ ವಿಷಯ. ಕರ್ಕೊಂಡು ಹೋಗಿ ಅಕ್ಕ, ನಡೆಯೋಕೆ ಆಗತ್ತೆ ಅಂತಿದ್ರೆ ಖಂಡಿತ ಕರ್ಕೊಂಡು ಹೋಗಿ. ಆದ್ರೆ ಪ್ಲಾನ್ ಬದಲಾಯ್ಸಿ. ಪ್ರಾಗ್ ಬಿಟ್ಬಿಡಿ, ಆ ಊರೆಲ್ಲ ಕಲ್ಲು ಹಾಸಿದ ಬೀದಿ, ಕೋಟೆ ಕಡೆ ಏರು, ಮಂಡಿ ನೋವಿರೋರಿಗೆ ಎರಡನೇ ದಿನಕ್ಕೇ ಸಾಕಾಗತ್ತೆ. ವಿಯೆನ್ನಾ, ಬುಡಾಪೆಸ್ಟ್ ಎರಡೇ ಊರು, ಐದೈದು ರಾತ್ರಿ, ಮಧ್ಯೆ ಒಂದೇ ಟ್ರೈನು. ರೂಮಿನ ಬದಲು ಅಡಿಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಳ್ಳಿ, ಲಿಫ್ಟ್ ಇದ್ಯಾ ಅಂತ ಕೇಳಿ ತಗೊಳ್ಳಿ, ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರಲ್ಲ, ರಾತ್ರಿ ಒಂದು ಅನ್ನ ಸಾರು ಮಾಡ್ಕೊಂಡ್ರೆ ಅವರಿಗೂ ಹಿತ ಖರ್ಚೂ ಇಳಿಯತ್ತೆ. ವಿಯೆನ್ನಾದಲ್ಲಿ ಇಳಿದು ಐದೈದು ರಾತ್ರಿ ಸಮ ಮಾಡಿದ್ರೆ ಅರ್ಜಿ ಆಸ್ಟ್ರಿಯಾಕ್ಕೆ ಹೋಗತ್ತೆ. ವಯಸ್ಸಾದೋರ ಇನ್ಶೂರೆನ್ಸ್ ದುಬಾರಿ, ಬಿಪಿ ಶುಗರ್ ಇದ್ರೆ ಅದನ್ನ ಮುಚ್ಚಿಡದೆ ಬರೆಸಿ, ಮಾತ್ರೆಗಳಿಗೆ ಡಾಕ್ಟರ ಚೀಟಿ ಇಂಗ್ಲಿಷಲ್ಲಿ ಬರೆಸ್ಕೊಂಡು ಕೈ ಬ್ಯಾಗಲ್ಲೇ ಇಟ್ಕೊಳ್ಳಿ. ಟಿಕೆಟ್ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಅದಕ್ಕೆ ದುಡ್ಡಿಲ್ಲ, ಆ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ನಡೆಸೋದು ತಪ್ಪತ್ತೆ. ಅವರೊಬ್ಬರಿಗೆ ಒಂದೂವರೆ ಲಕ್ಷ ಬೇರೆ ಇಟ್ಕೊಳ್ಳಿ, ಐದೂವರೆ ಲಕ್ಷದೊಳಗೆ ಮೂರೂ ಜನ ಹೋಗಿ ಬರಬಹುದು. ಅವರದ್ದು ಪಾಸ್‌ಪೋರ್ಟ್ ಇದ್ಯಾ? ಇಲ್ದಿದ್ರೆ ಆಧಾರಲ್ಲಿ, ಬೇರೆ ದಾಖಲೆಯಲ್ಲಿ ಹೆಸರು ಹುಟ್ಟಿದ ತಾರೀಕು ಒಂದೇ ಥರ ಇದ್ಯಾ ಅಂತ ಈ ವಾರವೇ ನೋಡಿ, ಹಳಬರದ್ದು ಸುಮಾರು ಸಲ ತಾಳೆ ಆಗಲ್ಲ, ಅದನ್ನ ಸರಿ ಮಾಡ್ಸೋಕೇ ತಿಂಗಳುಗಟ್ಟಲೆ ಹಿಡಿಯತ್ತೆ.