ಐಪಿಎ ಹಾಕಿ ಉಜ್ಜಿದರೂ ಬೋರ್ಡ್ ಮೇಲೆ ಬಿಳಿ ಪದರ ಯಾಕೆ?

ಪ್ರಶ್ನೆ: ಮನೆಯಲ್ಲಿ ಮಾಡಿದ ಪಿಸಿಬಿಯನ್ನು (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಬೆಸೆಯುವ ಬೋರ್ಡ್) ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದೆ. ಒಣಗಿದ ಮೇಲೆ ಬಿಳಿ ಪದರ, ಮುಟ್ಟಿದರೆ ಅಂಟು. ಅಸಿಟೋನ್ ಹಾಕಲಾ?

ಬೇಡ. ಅಸಿಟೋನ್ ಕನೆಕ್ಟರ್, ಸ್ವಿಚ್‌ಗಳ ಎಷ್ಟೋ ಬಗೆಯ ಪ್ಲಾಸ್ಟಿಕ್ ಅನ್ನು ಕರಗಿಸುತ್ತದೆ. ಆ ಪದರ ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ಹಾಕುವ ವಸ್ತು. ರೋಸಿನ್ (ಮರದ ರಾಳ) ಫ್ಲಕ್ಸ್‌ಗೆ ಐಪಿಎ ಸಾಕು. ತಪ್ಪಿರುವುದು ತೊಳೆಯುವ ರೀತಿಯಲ್ಲಿ.

‘ಆಲ್ಕೋಹಾಲ್ ಆರುವಾಗ ಫ್ಲಕ್ಸನ್ನೂ ಜೊತೆಗೆ ಒಯ್ಯುತ್ತದೆ’ ಅನ್ನುವ ನಂಬಿಕೆ ಇದೆಯಲ್ಲ, ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಒಯ್ಯುವುದಿಲ್ಲ! ಉಪ್ಪುನೀರು ಒಣಗಿದರೆ ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಇಲ್ಲೂ ಅದೇ. ಆವಿಯಾಗುವುದು ಆಲ್ಕೋಹಾಲ್ ಮಾತ್ರ, ರೋಸಿನ್ ಅಲ್ಲ. ಬೆಸುಗೆಯ ಸುತ್ತ ಕಂದು ಹನಿಯಾಗಿ ಕೂತಿದ್ದ ಫ್ಲಕ್ಸನ್ನು ನೀವು ಕರಗಿಸಿ ಬೋರ್ಡ್ ತುಂಬಾ ಸಾರಿಸಿದ್ದೀರಿ, ಅಷ್ಟೇ. ಬೋರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಬ್ರಷ್ ಎಳೆದ ಗೆರೆಗಳೇ ಕಾಣುತ್ತವೆ.

ಹಾಗಾಗಿ ಕರಗಿದ್ದನ್ನು ಒಣಗುವ ಮೊದಲೇ ಬೋರ್ಡಿನಿಂದ ಆಚೆ ಹಾಕಬೇಕು. ಐಪಿಎ ಹಾಕಿ, ಬ್ರಷ್‌ನಿಂದ ಉಜ್ಜಿ. ಇನ್ನೂ ಒದ್ದೆ ಇರುವಾಗಲೇ ನೂಲು ಬಿಡದ ಬಟ್ಟೆ ಹಾಸಿ, ಅದರ ಮೇಲಿಂದ ಬ್ರಷ್ ಒತ್ತಿ. ಕೊಳೆ ಬಟ್ಟೆಗೆ ಇಳಿಯುತ್ತದೆ. ಆಮೇಲೆ ಬೋರ್ಡನ್ನು ಓರೆ ಮಾಡಿ, ಹೊಸ ಐಪಿಎ ಸುರಿದು ಜಾಲಾಡಿ. ಮೊದಲು ಬಳಸಿದ ಬಟ್ಟಲಿನದನ್ನೇ ಮತ್ತೆ ಸುರಿದರೆ ಫ್ಲಕ್ಸನ್ನೇ ವಾಪಸ್ ಬಳಿದ ಹಾಗೆ.

ಐಪಿಎ 99 ಪರ್ಸೆಂಟ್ ಇರಲಿ. 70 ಪರ್ಸೆಂಟ್ ಬಾಟಲಿಯಲ್ಲಿ ಉಳಿದದ್ದೆಲ್ಲ ಹೆಚ್ಚುಕಮ್ಮಿ ನೀರೇ. ರೋಸಿನ್ ನೀರಿಗೆ ಕರಗುವುದಿಲ್ಲ, ಬೆಳ್ಳಗಾಗುತ್ತದೆ. ಫ್ಲಕ್ಸ್ ಡಬ್ಬಿಯ ಮೇಲೆ ‘ವಾಟರ್ ಸಾಲ್ಯುಬಲ್’ (ನೀರಿಗೆ ಕರಗುವಂಥದ್ದು) ಅಂತ ಇದ್ದರೆ ಮಾತ್ರ ಬಿಸಿನೀರಲ್ಲಿ ತೊಳೆಯಿರಿ. ಆ ಫ್ಲಕ್ಸನ್ನು ತೊಳೆಯದೆ ಬಿಟ್ಟರೆ ತಾಮ್ರ ತಿನ್ನುತ್ತದೆ. ‘ನೋ ಕ್ಲೀನ್’ (ತೊಳೆಯದೆ ಬಿಡಬಹುದಾದ ಫ್ಲಕ್ಸ್) ಆದರೆ ಸುಮ್ನೆ ಬಿಡಿ, ಇಲ್ಲವೇ ಪೂರ್ತಿ ತೊಳೆಯಿರಿ. ಅರ್ಧಂಬರ್ಧ ಉಜ್ಜುವುದೇ ಜಾಸ್ತಿ ಅಪಾಯ.

ಐಪಿಎ ಬೇಗ ಹೊತ್ತಿಕೊಳ್ಳುತ್ತದೆ. ಸೋಲ್ಡರಿಂಗ್ ಐರನ್ ಆಫ್ ಮಾಡಿ, ಕಿಟಕಿ ತೆರೆದಿರಲಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಲ್ಕೋಹಾಲ್ ಹೋದಲ್ಲೆಲ್ಲ ಕರಗಿದ ಫ್ಲಕ್ಸೂ ಹೋಗುತ್ತದೆ. ಮುಚ್ಚಿಗೆ ಸರಿಯಿಲ್ಲದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಪುಶ್ ಬಟನ್, ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಒಳಗೂ ನುಸುಳಿ, ಕಾಂಟ್ಯಾಕ್ಟ್ ಮೇಲೆ ಒಣಗುತ್ತದೆ. ನಿನ್ನೆ ಚೆನ್ನಾಗಿದ್ದ ಬಟನ್ ತೊಳೆದ ಮೇಲೆ ಕೆಲಸ ಮಾಡದಿರುವುದು ಎಷ್ಟೋ ಸಲ ಇದರಿಂದಲೇ. ಅಂಥವನ್ನು ಬೋರ್ಡ್ ತೊಳೆದು ಒಣಗಿದ ಮೇಲೆ ಕೊನೆಯಲ್ಲಿ ಬೆಸೆಯಿರಿ. ಆಗಲೇ ಕೂರಿಸಿದ್ದರೆ, ಓರೆ ಮಾಡುವಾಗ ಅವು ಮೇಲ್ಗಡೆ ಬರುವಂತೆ ಹಿಡಿಯಿರಿ.