ನಿಮ್ಮಲ್ಲಿ ಎಷ್ಟು ಸೆಂಟ್?

ಜುಲೈ ತಿಂಗಳಲ್ಲಿ ಶಾಂತಳ್ಳಿ ಕಡೆಯಿಂದ ಫೋನ್ ಬಂದರೆ ‘ಹೇಗಿದ್ದೀರಿ’ ಅಂತ ಯಾರೂ ಕೇಳುವುದಿಲ್ಲ. ‘ನಿಮ್ಮಲ್ಲಿ ಎಷ್ಟು ಸೆಂಟ್?’ ಅಂತಲೇ ಮಾತು ಶುರು. ಗೊತ್ತಿಲ್ಲದವರು ಜಾಗದ ವ್ಯಾಪಾರ ಅಂದುಕೊಳ್ಳಬೇಕು. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇವತ್ತಿಗೂ ಇಂಚು ಮತ್ತು ಸೆಂಟಿನಲ್ಲೇ ನಡೆಯುತ್ತದೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್, ಅಂದರೆ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟದವರು ಇನ್ನೂ ಹೊರಟಿಲ್ಲ.

ನಮ್ಮ ದೊಡ್ಡಪ್ಪನಿಗೆ ಈಗ ಎಪ್ಪತ್ತೆಂಟು. ಬೆಳಿಗ್ಗೆ ಎಂಟೂವರೆಗೆ ಗಂಬೂಟು ಹಾಕಿ, ಕಾಲಿಗೆ ಜಿಗಣೆ ಹತ್ತದ ಹಾಗೆ ಹೊಗೆಸೊಪ್ಪು-ಸುಣ್ಣ ಸವರಿಕೊಂಡು, ಕೊಡೆ ಬಿಚ್ಚಿ ಕಣದ ಅಂಚಿಗೆ ಇಳಿಯುತ್ತಾರೆ. ಹವಾಮಾನ ಇಲಾಖೆಯವರು ದೇಶಾದ್ಯಂತ ಮಳೆ ಅಳೆಯುವುದೂ ಅದೇ ಎಂಟೂವರೆಗೆ, ಆ ವಿಚಾರದಲ್ಲಿ ದೊಡ್ಡಪ್ಪ ಬಹಳ ಕಟ್ಟುನಿಟ್ಟು. ರೈನ್‌ಗೇಜಿನ ಲಾಳಿಕೆ ಎತ್ತಿ ಪಕ್ಕಕ್ಕಿಟ್ಟು, ಒಳಗಿನ ಬಾಟಲಿಯ ನೀರನ್ನು ಸಪೂರ ಗ್ಲಾಸಿಗೆ ಬಗ್ಗಿಸುತ್ತಾರೆ. ಆಮೇಲೆ ಕೊಡೆಯನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಹಿಡಿದು ನೋಡುತ್ತಾರೆ. ನೀರಿನ ಮೇಲ್ಮೈ ಗಾಜಿನ ಬದಿಗೆ ಸ್ವಲ್ಪ ಏರಿ ನಡುವೆ ತಗ್ಗಿರುತ್ತದಲ್ಲ, ಓದಬೇಕಾದ್ದು ಆ ತಗ್ಗನ್ನು. ಒಳಗೆ ಬಂದು ಡೈರಿಯಲ್ಲಿ ಬರೆದು, ಮೂರು ಮನೆಗೆ ಫೋನ್ ಮಾಡಿ, ಅವರ ಲೆಕ್ಕ ಕೇಳಿ ‘ನಿನ್ನ ಗೇಜಿನ ಮೇಲೆ ಮರ ಬಾಗಿದೆ, ಕಡಿಸು’ ಅಂತ ಒಬ್ಬರನ್ನಾದರೂ ಬೈದು ಮುಗಿಸುತ್ತಾರೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ನಲವತ್ತು ವರ್ಷದಿಂದ ಹೀಗೇ. ಯಾರೂ ಒಂದು ಕಾಸು ಕೊಟ್ಟಿಲ್ಲ.

ನಾವೆಲ್ಲ ಇದನ್ನು ಹುಚ್ಚು ಅನ್ನುತ್ತಿದ್ದೆವು. ಮನಸ್ಸಿನ ಆರೋಗ್ಯದ ಬಗ್ಗೆ ಒಂದಿಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಅಭ್ಯಾಸವೊಂದನ್ನು ಬರೆದುಕೊಡಿ ಎಂದು ಮನೋವೈದ್ಯರನ್ನು ಕೇಳಿದ್ದರೆ, ಅವರೂ ಸುಮಾರು ಇಂಥದ್ದನ್ನೇ ಬರೆಯುತ್ತಿದ್ದರೇನೋ.

ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳ ಮಬ್ಬು ಅನುಭವಿಸಿದವರಿಗೇ ಗೊತ್ತು. ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಬಟ್ಟೆ ಒಣಗುವುದಿಲ್ಲ. ಒಲೆಯ ಮುಂದಿನಿಂದ ಏಳಲು ಮನಸ್ಸಿಲ್ಲ. ಚಳಿಗಾಲದಲ್ಲಿ ಬರುವ ಖಿನ್ನತೆಯನ್ನು ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು, ಪ್ರಖರ ಬೆಳಕಿನಿಂದ ಅದಕ್ಕೆ ಚಿಕಿತ್ಸೆಯನ್ನೂ ಮಾಡಿ ನೋಡಿದರು. ಆದರೆ ಅಲ್ಲಿಯ ಚಳಿಗಾಲದಲ್ಲಿ ಹಗಲೇ ಗಿಡ್ಡ. ನಮಗೆ ಜುಲೈಯಲ್ಲಿ ಹಗಲು ಉದ್ದವೇ ಇರುತ್ತದೆ, ಮೋಡ ಮುಚ್ಚಿರುತ್ತದೆ ಅಷ್ಟೆ. ಹಾಗಾಗಿ ಅಲ್ಲಿಯ ಕಾಯಿಲೆಯ ಹೆಸರನ್ನು ನಮ್ಮ ಮಳೆಗಾಲದ ಮಂಕಿಗೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಬೆಳಕಿನ ಪಾಠ ಮಾತ್ರ ಎರಡು ಕಡೆಗೂ ಹೊಂದುತ್ತದೆ.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕಿಂತ ಹೆಚ್ಚಾಗಿ ‘ಹಗಲಾಯಿತು’ ಅಂತ ಸುದ್ದಿ ಮುಟ್ಟಿಸುವ ಕೆಲಸವನ್ನೇ ಮಾಡುವ ಕೆಲವು ಜೀವಕೋಶಗಳಿವೆ. ಅವುಗಳಲ್ಲಿರುವ ವರ್ಣದ್ರವ್ಯದ ಹೆಸರು ಮೆಲನಾಪ್ಸಿನ್. ಈ ಕೋಶಗಳು ತಾವೇ ನೇರವಾಗಿ ಬೆಳಕಿಗೆ ಸ್ಪಂದಿಸುತ್ತವೆ ಎಂದು ಖಚಿತವಾದದ್ದು 2002ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಇವು ಸುದ್ದಿ ಕೊಡುವುದು ಮಿದುಳಿನ ಹೈಪೋಥಲಮಸ್ಸಿನಲ್ಲಿರುವ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗಡಿಯಾರಕ್ಕೆ. ನಿದ್ದೆ, ಹಸಿವು, ಮೈಬಿಸಿ, ಲವಲವಿಕೆ ಎಲ್ಲದರ ವೇಳಾಪಟ್ಟಿ ಅಲ್ಲಿಂದ. ಟ್ಯೂಬ್‌ಲೈಟ್ ಹಾಕಿದ ಹಜಾರದಲ್ಲಿ ಬೆಳಕು ನೂರು, ಇನ್ನೂರು ಲಕ್ಸ್ ಇದ್ದರೆ ಹೆಚ್ಚು. ಮೋಡ ಕವಿದ ಹಗಲಲ್ಲೂ ಅಂಗಳಕ್ಕೆ ಇಳಿದರೆ ಸಾವಿರಗಳ ಲೆಕ್ಕ. ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಂಡು ಸರಿದೂಗಿಸಿಕೊಳ್ಳುವುದರಿಂದ ನಮಗೆ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ. ಒಳಗಿನ ಗಡಿಯಾರಕ್ಕೆ ತಿಳಿಯುತ್ತದೆ. ದೊಡ್ಡಪ್ಪ ಕೊಡೆ ಹಿಡಿದು ಕಣಕ್ಕೆ ಇಳಿದಾಗ ಅದಕ್ಕೆ ಕೀಲಿ ಕೊಟ್ಟ ಹಾಗಾಯಿತು.

ಎರಡನೆಯದು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮನಸ್ಸು ಮಂಕಾದವರು ‘ಮನಸ್ಸು ಸರಿಯಾಗಲಿ, ಆಮೇಲೆ ಏಳುತ್ತೇನೆ’ ಅನ್ನುತ್ತಾರೆ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತಿರುಗಿಸಿ ನೋಡಿದರು. ಬೇಸರವಾದವನು ಮೂಲೆ ಸೇರುತ್ತಾನೆ. ಮೂಲೆ ಸೇರಿದವನಿಗೆ ಖುಷಿ ಕೊಡುವ ಯಾವುದೂ ಎದುರಾಗುವುದಿಲ್ಲ. ಎದುರಾಗದೆ ಬೇಸರ ಇನ್ನಷ್ಟು ಬಲಿಯುತ್ತದೆ. ಈ ಸುತ್ತನ್ನು ಕೈಕಾಲಿನ ಕಡೆಯಿಂದ ಮುರಿಯಬಹುದು: ಮನಸ್ಸಿರಲಿ ಬಿಡಲಿ, ಗೊತ್ತು ಮಾಡಿಕೊಂಡ ಸಣ್ಣ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡುವುದು. ಮನಸ್ಸು ಹಿಂದಿನಿಂದ ಬರುತ್ತದೆ. ಬಿಹೇವಿಯರಲ್ ಆಕ್ಟಿವೇಶನ್ ಅಂತ ಇದಕ್ಕೆ ಹೆಸರು. ಕೇಳಿದರೆ ಅಜ್ಜಿಯ ಬುದ್ಧಿಮಾತಿನಂತಿದೆ, ಆದರೆ ಪರೀಕ್ಷೆಗೆ ನಿಂತು ಗೆದ್ದಿದೆ. ನಮ್ಮ ಹಾಗೇ ಮಳೆ ಸುರಿಯುವ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯ 495 ಜನರ ಮೇಲೆ ಇದನ್ನು ಪ್ರಯೋಗಿಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಿಗಿಂತ ಇದೂ ಸೇರಿ ಸಿಕ್ಕವರು ಚೆನ್ನಾಗಿ ಚೇತರಿಸಿಕೊಂಡರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು.

ಹವ್ಯಾಸದ ಬಗ್ಗೆ ದೊಡ್ಡ ಲೆಕ್ಕವೂ ಇದೆ. 16 ದೇಶಗಳ, 65 ದಾಟಿದ 93,263 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನ 2023ರಲ್ಲಿ ಬಂತು. ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಹೆಚ್ಚು. ಡೆನ್ಮಾರ್ಕಿನಲ್ಲಿ ನೂರಕ್ಕೆ 96 ಜನರಿಗೆ ಹವ್ಯಾಸವಿದ್ದರೆ ಸ್ಪೇನಿನಲ್ಲಿ 51. ಆರೋಗ್ಯವಾಗಿರುವವರೇ ಹವ್ಯಾಸಕ್ಕೆ ಕೈಹಾಕುತ್ತಾರಲ್ಲವೇ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಂಥ ಅಧ್ಯಯನ ಅದನ್ನು ಪೂರ್ತಿ ಬಗೆಹರಿಸಲಾರದು. ಅದಕ್ಕೇ ನನಗೆ ಗೋವಾದ ಪ್ರಯೋಗದ ಮೇಲೆ ಹೆಚ್ಚು ನಂಬಿಕೆ. ಅಲ್ಲಿ ಯಾರಿಗೆ ಯಾವ ಆರೈಕೆ ಎನ್ನುವುದನ್ನು ಚೀಟಿ ಎತ್ತಿದಂತೆ ಹಂಚಿದ್ದರು.

ಆ ಮೂರು ಫೋನುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ನನಗೆ ಬೇಜಾರಾಗಿದೆ’ ಅಂತ ನಮ್ಮ ಕಡೆಯ ಗಂಡಸರು ಸತ್ತರೂ ಬಾಯಿಬಿಡುವುದಿಲ್ಲ. ‘ಎರಡು ಇಂಚು ಮೂವತ್ತು ಸೆಂಟ್’ ಅನ್ನುತ್ತಾರೆ, ದನಿ ಕೇಳಿದರೆ ಆ ಕಡೆಯವರಿಗೆ ಉಳಿದದ್ದು ಗೊತ್ತಾಗುತ್ತದೆ. ಒಮ್ಮೆ ಒಬ್ಬರು ಎರಡು ದಿನ ಫೋನ್ ಎತ್ತದಿದ್ದಾಗ ದೊಡ್ಡಪ್ಪ ಜೀಪು ಮಾಡಿಕೊಂಡು ಅವರ ಮನೆಗೇ ಹೋಗಿದ್ದರು.

(ಸಂಜೆಯ ಅಭ್ಯಾಸಗಳ ಬಗ್ಗೆ ಹೆಚ್ಚು ಹೇಳಿದರೆ ಊರಲ್ಲಿ ಏಟು ಬಿದ್ದೀತು. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮಳೆಗೆ ಅಂತ ಹಾಕುವ ಒಂದೆರಡು ಪೆಗ್ ಬೇಗ ನಿದ್ದೆ ಬರಿಸಿ, ನಡುರಾತ್ರಿಯ ಮೇಲೆ ಅದೇ ನಿದ್ದೆಯನ್ನು ಕೆಡಿಸುತ್ತದೆ. ಇಷ್ಟು ಸಾಕು.)

ಇನ್ನೊಂದು ಮುಖವನ್ನು ಹೇಳದಿದ್ದರೆ ತಪ್ಪಾಗುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಆ ವಾರದ ಡೈರಿಯಲ್ಲಿ ದೊಡ್ಡಪ್ಪನ ಅಕ್ಷರ ಸೊಟ್ಟ. ನಮ್ಮ ಮನೆಗೇನೂ ಆಗಲಿಲ್ಲ. ಆದರೆ ಮರುವರ್ಷದ ಮಳೆ ಹಿಡಿದಾಗ ಅವರು ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಟಾರ್ಚ್ ಹಿಡಿದು ಗೇಜ್ ನೋಡಲು ಶುರು ಮಾಡಿದರು. ಅದೇ ಗೇಜ್, ಅದೇ ಗ್ಲಾಸ್. ಹವ್ಯಾಸ ಮಾತ್ರ ಅದಲ್ಲ. ನೋಡಿ ಬಂದಾಗ ಒಂದು ಗಳಿಗೆ ಭಯ ಇಳಿಯುತ್ತದೆ. ನೋಡಿದ್ದಕ್ಕೇ ಇಳಿಯಿತು ಅಂತ ಮಿದುಳು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಎಬ್ಬಿಸುತ್ತದೆ. ನೋಡಿದಷ್ಟೂ ಭಯ ಗಟ್ಟಿ.

ಮಡಿಕೇರಿಯಲ್ಲಿ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಹೋಗಲು ಒಪ್ಪಿಸಿದ್ದೇ ಒಂದು ಕಥೆ. (ಈಗಾದರೆ ಮೊದಲು 14416ಕ್ಕೆ ಫೋನ್ ಮಾಡಬಹುದಿತ್ತು. ಸರ್ಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ, ಪುಕ್ಕಟೆ.) ರೈನ್‌ಗೇಜನ್ನೇ ಕಿತ್ತು ಹಾಕಿಸುತ್ತಾರೆ ಅಂತ ನಾವು ಎಣಿಸಿದ್ದೆವು. ಡಾಕ್ಟರು ಮಾತ್ರೆ ಬರೆದರು, ಪೂರ್ತಿ ಕಥೆ ಕೇಳಿದರು, ಆಮೇಲೆ ‘ಎಂಟೂವರೆಯದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ರಾತ್ರಿಯದು ಬೇಡ’ ಅಂದರು. ಮೊದಲ ಕೆಲವು ರಾತ್ರಿ ದೊಡ್ಡಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಮಾಡಿನ ಮೇಲೆ ಬೀಳುವ ಸದ್ದಿನಲ್ಲೇ ಸೆಂಟ್ ಎಣಿಸುತ್ತಿದ್ದರಂತೆ. ಸರಿಹೋಗಲು ಆ ಮಳೆಗಾಲ ಪೂರ್ತಿ ಬೇಕಾಯಿತು.

ಟಾರ್ಚ್ ಈಗಲೂ ದೊಡ್ಡಮ್ಮನ ದಿಂಬಿನ ಕೆಳಗೇ ಇದೆ. ಬೆಳಿಗ್ಗೆ ಎಂಟೂಕಾಲಿಗೆ ಅವರೇ ಗಂಬೂಟು ತಂದು ಬಾಗಿಲ ಬಳಿ ಇಡುತ್ತಾರೆ.